ನೀರು ಕಾಯ್ಸಿದ್ರೆ ಮುಗೀತಾ?

ಮೊನ್ನೆ ಸೊಸೆ ನೀರು ಕಾಯ್ಸೋದು ನೋಡ್ತಾ ಕೂತಿದ್ದೆ, ತಳದಲ್ಲಿ ನಾಲ್ಕು ಗುಳ್ಳೆ ಎದ್ದಿದ್ದೇ ತಡ ಸ್ಟವ್ ಆಫ್! ಕೊತಕೊತ ಅಂತ ಉಕ್ಕಿ ಕುದೀಬೇಕು ಕಣ್ರೇ, ಹಾಗೆ ಕುದಿಯೋಕೆ ಶುರುವಾದ್ಮೇಲೆ 1 ನಿಮಿಷ ಸಾಕು, 2000 ಮೀಟರ್ ಮೇಲಿರೋ ಬೆಟ್ಟದ ಊರಾದ್ರೆ 3. ಅರ್ಧ ಗಂಟೆ ಕುದಿಸೋರೂ ಇದಾರೆ, ಗ್ಯಾಸ್ ದಂಡ. ಫ್ಲೋರೈಡು, ನೈಟ್ರೇಟು ಕುದಿಸಿದ್ರೆ ಹೋಗಲ್ಲ, ನೀರು ಆವಿಯಾದಷ್ಟೂ ಅವು ಇನ್ನೂ ದಟ್ಟ ಆಗ್ತವೆ ಅಷ್ಟೆ.

ಇನ್ನು ಕ್ಲೋರಿನ್ ಅಂದ್ರೆ ಸಾಕು, ಅಯ್ಯೋ ಕೆಮಿಕಲ್ಲು, ಕ್ಯಾನ್ಸರ್ರು ಅಂತ ಮೂಗು ಮುರೀತಾರೆ. ನೀರಲ್ಲಿ ಕೊಳೆತ ಎಲೆ ಕಸದ ಅಂಶ ಇದ್ರೆ ಕ್ಲೋರಿನ್ ಜತೆ ಸೇರಿ ಟ್ರೈಹ್ಯಾಲೋಮೀಥೇನ್ ಅನ್ನೋ ಕೆಮಿಕಲ್ಲು ಹುಟ್ಟತ್ತೆ, ಅದು ಸುಳ್ಳಲ್ಲ. ಆದ್ರೆ ಅದು ವರ್ಷಗಟ್ಟಲೆ ಕುಡಿಯೋರ ಲೆಕ್ಕದ ಸಣ್ಣ ಭಯ, ಕಾಲರಾ ಗಂಟೆಗಳಲ್ಲೇ ಮನುಷ್ಯನ್ನ ಹಿಂಡಿಬಿಡತ್ತೆ, ಯಾವುದಕ್ಕೆ ಹೆದರಬೇಕು ನೀವೇ ಹೇಳಿ. ಬಗ್ಗಡ ಇದ್ರೆ ಮೊದ್ಲು ಸೋಸಿ, ಆಮೇಲೆ ಕ್ಲೋರಿನ್ ಹಾಕಿ, 30 ನಿಮಿಷ ಮುಟ್ಟಬೇಡಿ, ಹಾಕಿದ ತಕ್ಷಣ ಗಟಗಟ ಕುಡಿದ್ರೆ ಏನು ಬಂತು? ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಮೊಂಡು ಜೀವಿ ಕ್ಲೋರಿನ್‌ಗೆ ಜಗ್ಗಲ್ಲ, ಕುದಿಸಿದ್ರೆ ಸಾಯತ್ತೆ. ಯುವಿ, ಅಂದ್ರೆ ಅತಿನೇರಳೆ ಬೆಳಕಿನ ಮೆಷಿನ್ನೂ ಅದನ್ನ ಮಟ್ಟ ಹಾಕತ್ತೆ, ಆದ್ರೆ ನೀರು ತಿಳಿಯಾಗಿದ್ರೆ ಮಾತ್ರ, ಮತ್ತೆ ಮೆಷಿನ್ನಿಂದ ಹೊರಗೆ ಬಂದ ನೀರಿಗೆ ಕಾವಲು ಯಾರೂ ಇರಲ್ಲ, ಕ್ಲೋರಿನ್ ಆದ್ರೆ ಸ್ವಲ್ಪ ಉಳ್ಕೊಂಡು ಕಾಯತ್ತೆ.

ಈಗ ನನ್ನ ಹಠದ ವಿಷಯ. ನೀರು ಕುದೀತಿರೋವಾಗ್ಲೇ ಒಂದು ಸೌಟಿನಷ್ಟು ತೆಗೆದು ನೀರು ತುಂಬಿಡೋ ಸ್ಟೀಲ್ ಕೊಡಕ್ಕೆ ಹಾಕಿ, ಕೊಡಾನ ಬಟ್ಟೇಲಿ ಹಿಡ್ಕೊಂಡು ಕುತ್ತಿಗೆ, ಅಂಚು, ಮುಚ್ಚಳದ ಒಳಮೈ ಎಲ್ಲಾ ಕಡೆ ಬಿಸಿ ತಾಗೋ ಹಾಗೆ ನಿಧಾನ ತಿರುಗಿಸಿ ಚೆಲ್ಲಿ. ಆಮೇಲೆ ಒರೆಸ್ಬೇಡಿ! ಬೋರಲು ಹಾಕಿ, ತಾನಾಗಿ ಆರಲಿ. ಅಡುಗೆಮನೆ ಬಟ್ಟೆ ಅಂತೀರಲ್ಲ, ಕಟ್ಟೆ ಒರೆಸಿದ್ದೂ ಅದೇ ಕೈ ಒರೆಸಿದ್ದೂ ಅದೇ, ಅದನ್ನ ದಿನಾ ಸೋಪು ಹಾಕಿ ಬಿಸಿಲಿಗೆ ಹಾಕೋರು ಎಷ್ಟು ಜನ? ನೀರು ಕುದಿಸಿದ ಪಾತ್ರೇಲೇ ಮುಚ್ಚಿ ಆರಬೇಕು, ಬೇಗ ತಣ್ಣಗಾಗ್ಲಿ ಅಂತ ಲೋಟದಿಂದ ಲೋಟಕ್ಕೆ ಸುರಿಯೋದು, ಮುಚ್ಚಳ ತೆಗೆದಿಡೋದು, ಹಸಿ ನೀರು ಬೆರೆಸೋದು ಬೇಡ. ಕೊಡದ ಬಾಯಿ ಕಿರಿದಿರಲಿ, ಕೈ ಹೋಗದಷ್ಟು. ನಮ್ಮಮ್ಮ ನೀರಿನ ಪಾತ್ರೆಗೆ ಲೋಟ ಅದ್ದಿದ್ರೆ ಬೆರಳಿನ ಗೆಣ್ಣಿಗೇ ಬಿಡೋಳು, ಆಗ ಅಳು ಬರ್ತಿತ್ತು. ಕುದಿಸಿದ ನೀರು ಕೆಡೋದು ಆ ಬೆರಳಿಂದ್ಲೇ ಅಂತ ಗೊತ್ತಾಗಿದ್ದು ನನ್ನ ಮಗನಿಗೆ ಹೊಟ್ಟೆ ಕೆಟ್ಟು ಎರಡು ರಾತ್ರಿ ಎದ್ದು ಕೂತಾಗ.

ನಿನ್ನೆ ಉಳಿದಿದ್ದರ ಮೇಲೇ ಇವತ್ತಿಂದು ಸುರೀಬೇಡಿ, ಅದನ್ನ ಪಾತ್ರೆ ತೊಳೆಯೋಕೆ ಇಟ್ಕೊಳ್ಳಿ.