ಚಮಚದಿಂದ ಕುಡಿಸಿದ ನೀರು: ಸಿಂಧನೂರಿನ ನನ್ನ ಅನುಭವ

ಸಿಂಧನೂರು ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದಾಗ, ಮೊದಲ ಮಳೆಯ ಬೆನ್ನಿಗೇ ವಾಂತಿ–ಭೇದಿಯ ಸುದ್ದಿ ಬಾರದ ವರ್ಷ ನನಗೆ ನೆನಪಿಲ್ಲ. ಒಂದು ಸಲ ಕಾಲುವೆ ಬದಿಯ ಊರೊಂದರಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಒಡೆದು, ಎರಡು ದಿನದಲ್ಲಿ ಓಣಿಗೆ ಓಣಿಯೇ ಹಾಸಿಗೆ ಹಿಡಿಯಿತು. ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಚಿಕಿತ್ಸೆ ಆರಂಭಿಸಿದೆವು. ಸಂಜೆಯ ಹೊತ್ತಿಗೆ ಸಲೈನ್ ಬಾಟಲಿಗಳು ತೀರುತ್ತ ಬಂದವು; ನೀರಿಗೆ ಬೆರೆಸಿ ಕುಡಿಸುವ ಉಪ್ಪು–ಗ್ಲೂಕೋಸ್ ಪುಡಿಯಾದ ಓಆರ್‌ಎಸ್ ಪೊಟ್ಟಣ ಕೊಟ್ಟರೆ, "ಪುಡಿ ನೀರಿಗೆ ಏನಾಗ್ತದ ಸರ, ಬಾಟ್ಲಿ ಹಚ್ರಿ" ಎಂದು ತಾಯಂದಿರು ಹಟ ಹಿಡಿಯುತ್ತಿದ್ದರು.

ಪೂರ್ವ ಪಾಕಿಸ್ತಾನ (ಇಂದಿನ ಬಾಂಗ್ಲಾದೇಶ) ಬಿಟ್ಟು ಬಂದ ಬಂಗಾಳಿ ಕುಟುಂಬಗಳಿರುವ ಆರ್.ಎಚ್. (ಪುನರ್ವಸತಿ) ಕ್ಯಾಂಪಿನ ಅಜ್ಜಿಯೊಬ್ಬರು ಅಲ್ಲಿಗೆ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. ಅವರು ಬಾಟಲಿ ಕೇಳಲೇ ಇಲ್ಲ. ಲೋಟವನ್ನು ಮಡಿಲಲ್ಲಿಟ್ಟುಕೊಂಡು ಚಮಚ ಚಮಚವಾಗಿ ಕುಡಿಸಿದರು. ಮಗು ಕಾರಿಕೊಂಡಾಗ ಬಾಯಿ ಒರೆಸಿ, ಸ್ವಲ್ಪ ಹೊತ್ತು ತಡೆದು ಮತ್ತೆ ಕುಡಿಸಿದರು. ಗಡಿಯ ಶಿಬಿರದಲ್ಲಿ ತಮ್ಮನನ್ನು ಕಾಲರಾಕ್ಕೆ ಕಳೆದುಕೊಂಡಿದ್ದನ್ನೂ, ಆಮೇಲೆ ಹೀಗೆ ಕುಡಿಸುವುದನ್ನು ಅಲ್ಲಿಯೇ ಕಲಿತದ್ದನ್ನೂ ಅವರು ಕನ್ನಡದಲ್ಲಿಯೇ ಹೇಳಿದರು.

ಯುದ್ಧಕ್ಕೆ ಹೆದರಿ ಊರು ಬಿಟ್ಟ ಲಕ್ಷಾಂತರ ಜನ ಒಂದೇ ಬಯಲಿನಲ್ಲಿ ತಂಗಿ, ಕುಡಿಯುವ ನೀರಿನ ದಂಡೆಯಲ್ಲೇ ಬಹಿರ್ದೆಸೆಗೆ ಕೂರಬೇಕಾದಾಗ ಕಾಲರಾ ಹರಡಲು ಬೇರೇನೂ ಬೇಕಿಲ್ಲ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಗಡಿ ಊರಾದ ಬಂಗಾಂವ್‌ನಲ್ಲಿ ಆದದ್ದು ಇದೇ. ಅಲ್ಲಿ ಸಲೈನ್ ತೀರಿದಾಗ ಡಾ. ದಿಲೀಪ್ ಮಹಲನೊಬಿಸ್ ಅವರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಇದನ್ನು ನಾನು ತರಬೇತಿಯಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆ ರಾತ್ರಿ.

ನಾನು ಆ ಅಜ್ಜಿಯನ್ನೇ ಕೋಣೆಯ ನಡುವೆ ಕೂರಿಸಿ, ಉಳಿದ ತಾಯಂದಿರನ್ನು ಸುತ್ತ ಕರೆದೆ. ನಾಡಿ ಸಿಗದಷ್ಟು ನಿತ್ರಾಣರಾದವರಿಗೆ ಮಾತ್ರ ಸಲೈನ್ ಎಂದು ವೈದ್ಯರು ನಿರ್ಧರಿಸಿದ್ದರಿಂದ, ಇದ್ದ ಬಾಟಲಿಗಳೇ ಬೆಳಗಿನವರೆಗೆ ಸಾಕಾದವು.

ಪೈಪು ಮೂರನೆಯ ದಿನ ದುರಸ್ತಿಯಾಯಿತು. ಇದು ಸಣ್ಣ ವಿಷಯವಲ್ಲವೆಂದು ನನಗೆ ಈಗ ಅನಿಸುತ್ತದೆ. ಯುದ್ಧಪೀಡಿತ ಯೆಮನ್‌ನಲ್ಲಿ ಇಂಧನವಿಲ್ಲದೆ ಪಂಪುಗಳು ನಿಂತು, ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದೆ, 2017ರ ಕೊನೆಗೆ ಶಂಕಿತ ಕಾಲರಾ ಪ್ರಕರಣಗಳು 10 ಲಕ್ಷ ದಾಟಿದವು. ನಮ್ಮ ಪೈಪಿನವನು ಸಾಮಾನು ಹೆಗಲಿಗೇರಿಸಿಕೊಂಡು ನಿರ್ಭಯವಾಗಿ ಊರಿಗೆ ಬರಬಲ್ಲವನಾಗಿದ್ದ. ಗುಂಡು ಹಾರುವಲ್ಲಿ ಓಆರ್‌ಎಸ್ ಜೀವ ಉಳಿಸಬಹುದು, ಒಡೆದ ಪೈಪನ್ನು ಬೆಸೆಯಲಾರದು. ನಾವು ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ, ಓಣಿಯ ಕೊನೆಯ ನಲ್ಲಿಯ ನೀರು ಕ್ಲೋರಿನ್ ಇದೆಯೇ ಎಂದು ತೋರಿಸುವ ಓ.ಟಿ. ಪರೀಕ್ಷೆಯಲ್ಲಿ ಹಳದಿಗೆ ತಿರುಗುವವರೆಗೂ ದಿನವೂ ನೋಡಿದೆವು.

ಮುಂದಿನ ಮಳೆಗಾಲಕ್ಕೆ ಮುಂಚೆ ಆಶಾ ಕಾರ್ಯಕರ್ತೆಯರ ತರಬೇತಿಗೆ ಆ ಅಜ್ಜಿಯನ್ನು ಕರೆಸಿದೆ. ಅವರು ಬರುವಾಗ ಮನೆಯ ಚಮಚವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.