ಚಕ್ರ ಅಳೆಯೋದು ಬಿಟ್ಟು ಉರುಳಿಸಿದೆ: ನನ್ನ ಅನುಭವ

ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವ ಲೇತ್ ಯಂತ್ರದ ಮುಂದೆ ಕೂತು ಹದಿನೆಂಟು ವರ್ಷ ಆಯಿತು. ಗಿಲಕಿ, ಬುಗುರಿ, ಬೊಂಬೆ ಯಾವುದೂ ನನ್ನನ್ನು ಕಾಡಲಿಲ್ಲ. ನಿದ್ದೆ ಕೆಡಿಸಿದ್ದು ಎಳೆಯುವ ಗಾಡಿಯ ಚಕ್ರ.

ಒಂದು ಸಲ ಇನ್ನೂರು ಗಾಡಿಗೆ ಆರ್ಡರ್ ಬಂತು. ಎಂಟುನೂರು ಚಕ್ರ, ಎಲ್ಲಾ 40 ಎಂಎಂ ವ್ಯಾಸದ್ದು. ಅದರಲ್ಲಿ ಎಪ್ಪತ್ತು ಗಾಡಿ ವಾಪಸ್ ಬಂದವು. ಬಣ್ಣ ಚೆನ್ನಾಗಿದೆ, ಆದರೆ ತಳ್ಳಿದರೆ ಗೋಡೆ ಕಡೆ ತಿರುಗುತ್ತದೆ ಅಂದರು. ಮರ, ಬಣ್ಣಕ್ಕೆ ಹಚ್ಚುವ ಅರಗು, ಕೂಲಿ, ಸಾಗಣೆ ಸೇರಿ ಹತ್ತಿರ ಹತ್ತಿರ ಹದಿನಾಲ್ಕು ಸಾವಿರ ಹೋಯಿತು.

ವ್ಯಾಸ ಅಳೆಯುವ ಡಿಜಿಟಲ್ ವರ್ನಿಯರ್ ತಂದೆ, ಸಾವಿರದ ಎಂಟುನೂರು ಕೊಟ್ಟು. ಒಂದೇ ಚಕ್ರ ಹೀಗೆ ಹಿಡಿದರೆ 40.1, ಕಾಲು ಸುತ್ತು ತಿರುಗಿಸಿ ಹಿಡಿದರೆ 39.8. ನಾವು ಆಟಿಕೆಗೆ ಬಳಸುವ ಆಲೆ ಮರ ಸರಿಯಾಗಿ ಒಣಗದಿದ್ದರೆ ಒಂದು ಕಡೆ ಜಾಸ್ತಿ ಕುಗ್ಗುತ್ತದೆ, ಗೊತ್ತಿರುವುದೇ. ಯಾವ ಅಳತೆ ನಂಬುವುದು? ಚಕ್ರಗಳನ್ನು ತೂಕ ಹಾಕಿಯೂ ನೋಡಿದೆ. ಒಂದೇ ಕೊರಡಿನ ಎರಡು ಬಿಲ್ಲೆ ಒಂದೇ ತೂಕ ಬರಲಿಲ್ಲ. ಕಾಗದದ ಪಟ್ಟಿ ಸುತ್ತಿ, ಸೂಜಿ ಚುಚ್ಚಿ ಸುತ್ತಳತೆ ತೆಗೆದೆ, 125.6 ಬರಬೇಕು. ಅದು ಪರವಾಗಿಲ್ಲ, ಆದರೆ ದಿನಕ್ಕೆ ನಲವತ್ತು ಚಕ್ರ ಮುಗಿಯುತ್ತಿರಲಿಲ್ಲ.

ಅರ್ಧ ತಪ್ಪು ತೂತಿನದು. ಮೊದಲು ಕಡೆದು, ತುಂಡು ಮಾಡಿ, ಆಮೇಲೆ ತೂತು ಹಾಕುತ್ತಿದ್ದೆ. ನಡು ತಪ್ಪುತ್ತಿತ್ತು. ಈಗ ಬಿಲ್ಲೆಗೆ ಮೊದಲೇ ತೂತು. ಹನ್ನೆರಡು ಬಿಲ್ಲೆ ಒಂದು ಸ್ಟೀಲ್ ಕಡ್ಡಿಗೆ ಪೋಣಿಸಿ ಒಟ್ಟಿಗೆ ಕಡೆಯುತ್ತೇನೆ, ಅರಗೂ ಅಲ್ಲೇ, ಹೊಳಪಿಗೆ ಕೇದಗೆ ಗರಿ ಉಜ್ಜುವುದೂ ಅಲ್ಲೇ. ಬಿಲ್ಲೆ ಜಾರದ ಹಾಗೆ ನಡುವೆ ಏನು ಇಡುತ್ತೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ಹಿಡಿದಿದೆ.

ಆದರೂ ಕಡ್ಡಿಯ ಇನ್ನೊಂದು ತುದಿ ಹಿಡಿಯುವ ಲೇತಿನ ಭಾಗ, ಟೇಲ್‌ಸ್ಟಾಕ್, ಕೂದಲೆಳೆಯಷ್ಟು ಓರೆ ಇದ್ದರೆ ಈ ತುದಿ 40, ಆ ತುದಿ 39.6. ಹಾಗಾಗಿ ಕಡ್ಡಿಯಿಂದ ಬಿಚ್ಚುವ ಮೊದಲೇ ಪೆನ್ಸಿಲ್‌ನಲ್ಲಿ ನಂಬರ್ ಹಾಕುತ್ತೇನೆ. ಒಂದರ ಜೊತೆ ಎರಡು, ಮೂರರ ಜೊತೆ ನಾಲ್ಕು. ಪಕ್ಕದಲ್ಲಿದ್ದವು ಜೋಡಿಯಾಗಬೇಕು. ಎಲ್ಲಾ ಚಕ್ರ 40 ಇರಲೇಬೇಕು ಅಂತ ಒದ್ದಾಡಿದ್ದೇ ನನ್ನ ದೊಡ್ಡ ತಪ್ಪು. ನಮ್ಮ ಗಾಡಿಯಲ್ಲಿ ಒಂದು ಜೋಡಿಯ ಎರಡು ಚಕ್ರವೂ ನಡುವಿನ ಕಡ್ಡಿಗೆ, ಅಂದರೆ ಅಚ್ಚಿಗೆ, ಅಂಟಿರುತ್ತವೆ, ಒಟ್ಟಿಗೆ ತಿರುಗುತ್ತವೆ. ಆ ಎರಡು ಒಂದಕ್ಕೊಂದು ಸರಿಯಿದ್ದರೆ ಸಾಕು, ಅಲ್ವಾ?

ಸರಿ ಇವೆಯೋ ಇಲ್ಲವೋ ನೋಡಲು ಎರಡು ಮೀಟರ್ ಗಾಜು ಹಾಸಿದೆ. ಒಂದು ತುದಿಗೆ ತೆಳ್ಳನೆ ಪಟ್ಟಿ ಕೊಟ್ಟು ಸ್ವಲ್ಪ ಇಳಿಜಾರು ಮಾಡಿದೆ. ಜೋಡಿಯನ್ನು ಅಚ್ಚಿಗೆ ಬಿಗಿಯಾಗಿ ಸಿಕ್ಕಿಸಿ ಮೇಲಿಂದ ಬಿಡುವುದು, ತಳ್ಳಬಾರದು. ಚಕ್ರಗಳ ನಡುವೆ ಆರು ಸೆಂಟಿಮೀಟರ್ ಅಂತರ ಇದ್ದು, ವ್ಯಾಸದ ವ್ಯತ್ಯಾಸ ಬರೀ 0.1 ಎಂಎಂ ಇದ್ದರೂ ಕೆಳಗೆ ಬರುವಷ್ಟರಲ್ಲಿ ಸುಮಾರು ಎಂಟು ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ವರ್ನಿಯರ್ ನೋಡಿ ಕಣ್ಣು ಕಿರಿದು ಮಾಡುವ ಕಷ್ಟ ಇಲ್ಲ, ಗೇಣಿನ ಅಳತೆಯಲ್ಲೇ ಕಾಣುತ್ತದೆ. ಚಕ್ರ ಸ್ವಲ್ಪ ಮೊಟ್ಟೆಯಾಕಾರ ಇದ್ದರೂ ಉರುಳುವಾಗ ಲೆಕ್ಕಕ್ಕೆ ಬರುವುದು ಸುತ್ತಳತೆ ತಾನೆ.

ಗಾಜೇ ಓರೆ ಇದ್ದರೆ? ಜೋಡಿಯನ್ನು ಎಡಬಲ ತಿರುಗಿಸಿ ಇನ್ನೊಮ್ಮೆ ಬಿಡಿ. ಈ ಸಲ ಇನ್ನೊಂದು ಕಡೆಗೆ ಹೋದರೆ ದೋಷ ಚಕ್ರದ್ದು. ಮತ್ತೆ ಅದೇ ಕಡೆಗೆ ಹೋದರೆ ಗಾಜಿನ ಕೆಳಗೆ ಕಾಗದ ಮಡಚಿ ಇಡಿ.

ನಾಲ್ಕು ಬೆರಳಿನೊಳಗೆ ಸರಿದರೆ ಪಾಸ್. ಜಾಸ್ತಿ ಸರಿದರೆ ಅದು ತಿರುಗಿದ ಕಡೆಯ ಚಕ್ರ ಚಿಕ್ಕದು. ಅದಕ್ಕೆ ಇನ್ನೊಂದು ಕೈ ಅರಗು ಕೊಟ್ಟು ಎಷ್ಟೋ ಜೋಡಿ ಉಳಿಸಿಕೊಂಡಿದ್ದೇನೆ.

ಪಕ್ಕದ ಕಾರ್ಖಾನೆಯ ಹಿರಿಯರು ಮೊದಲ ದಿನ ಬಾಗಿಲಲ್ಲೇ ನಿಂತು, "ಏನಪ್ಪಾ, ಕೆಲಸ ಬಿಟ್ಟು ಗೋಲಿ ಆಡ್ತಾ ಇದ್ದೀಯಾ?" ಅಂದಿದ್ದರು. ಗಾಜು, ಹಲಗೆ ಸೇರಿ ಒಂಬೈನೂರು ರೂಪಾಯಿ ಆಗಿತ್ತು, ವರ್ನಿಯರ್‌ಗೆ ಕೊಟ್ಟಿದ್ದರ ಅರ್ಧ. ಹೋದ ಸಲ ಮುನ್ನೂರು ಗಾಡಿ ಕಳಿಸಿದೆ, ವಾಪಸ್ ಬಂದದ್ದು ಎರಡು, ಅದೂ ದಾರ ಕಿತ್ತು. ಈಗ ಗಾಡಿಗೆ ಹದಿನೈದು ರೂಪಾಯಿ ಜಾಸ್ತಿ ಕೇಳುತ್ತೇನೆ, ಕೊಡುತ್ತಾರೆ.

ಸದ್ಯ ಪುಟ್ಟ ರೈಲಿನ 25 ಎಂಎಂ ಚಕ್ರ ಹಿಡಿದಿದ್ದೇನೆ. ಚಕ್ರ ಚಿಕ್ಕದು, ಅಚ್ಚೂ ಗಿಡ್ಡ, ಅಷ್ಟೇ ವ್ಯತ್ಯಾಸಕ್ಕೆ ಇನ್ನೂ ಜಾಸ್ತಿ ತಿರುಗುತ್ತದೆ. ನಿನ್ನೆ ನಾಲ್ಕು ಜೋಡಿ ಬಿಟ್ಟೆ, ಒಂದು ಮಾತ್ರ ಗಾಜಿನ ಕೊನೆ ಮುಟ್ಟಿತು.