ಸಿಗರೇಟ್ ಬಿಡಿಸುವ ಮೆಸೇಜ್ ಬರೆಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್ ಬಿಡುವ ಹೊತ್ತಿಗೆ ಚಹಾದಂಗಡಿ ಕಡೆ ಕಣ್ಣು ಹಾಯಿಸಿ. ಮೀಸೆ ಚಿಗುರದ ಹುಡುಗರೂ ಹೊಗೆ ಬಿಡುತ್ತಿರುತ್ತಾರೆ. ವಿಷಯ ಗೊತ್ತಾದ ಮನೆಯವರು ಕ್ಯಾನ್ಸರ್ ಫೋಟೊ ಫಾರ್ವರ್ಡ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅಂಥ ಚಿತ್ರ ಪ್ಯಾಕಿನ ಮೇಲೇ ಇದೆ, ಅಲ್ವಾ? ಅದನ್ನು ನೋಡುತ್ತಲೇ ಕಡ್ಡಿ ಗೀರುತ್ತಾರೆ.

ಮೆಸೇಜ್ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ 16 ದಾಟಿದ ಸುಮಾರು 5,800 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಬಿಡಲು ನೆರವಾಗುವ ಮೆಸೇಜ್ ಪಡೆದವರಲ್ಲಿ ಆರು ತಿಂಗಳಾದರೂ ಸೇದದವರು ಶೇ 10.7. ಉಳಿದವರಲ್ಲಿ ಶೇ 4.9.

ಮೊದಲ ಹೆಜ್ಜೆ: ಹುಡುಗನ ಒಪ್ಪಿಗೆ ಕೇಳಿ, ಬಿಡುವ ದಿನ ಗೊತ್ತುಮಾಡಿ. ಪರೀಕ್ಷೆಯ ವಾರ ಬೇಡ.

ಎರಡನೆಯದು: ಯಾವ್ಯಾವಾಗ ಸೇದುತ್ತಾನೆ ಅಂತ ಬರೆದುಕೊಳ್ಳಿ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಬೆಳಗ್ಗೆ ಆರಕ್ಕೆ ಗುಡ್ ಮಾರ್ನಿಂಗ್ ಜೊತೆ ಉಪದೇಶ ಕಳಿಸಿದರೆ ಸುಮ್ನೆ ಡಿಲೀಟ್ ಆಗುತ್ತದೆ. ಕ್ಲಾಸ್ ಐದಕ್ಕೆ ಬಿಡುವುದಾದರೆ ಮೆಸೇಜ್ ಐದಕ್ಕೇ ಹೋಗಬೇಕು. ಎರಡು ಸಾಲು ಸಾಕು. ಪುಸ್ತಕದ ಕನ್ನಡ ಬೇಡವೇ ಬೇಡ. ‘ಚಹಾದಂಗಡಿ ಕಡೆ ಹೊಳ್ಳಿ ನೋಡಬ್ಯಾಡ. ಸೀದಾ ಬಾ, ಗಿರ್ಮಿಟ್ ತಿನ್ನೂಣು, ರೊಕ್ಕ ನಂದು.’ ಇಷ್ಟೇ. ಕ್ಯಾನ್ಸರ್, ಮರ್ಯಾದೆ, ಅಪ್ಪನ ಕಷ್ಟ, ಯಾವುದೂ ಬೇಡ.

ಅವನಿಗೂ ಎರಡು ಗುಟ್ಟಿನ ಪದ ಕೊಡಿ. ಆಸೆ ಎದ್ದರೆ ‘ಎಳೀತದ’, ಸೇದಿಬಿಟ್ಟರೆ ‘ಜಾರಿದೆ’. ಮೊದಲನೆಯದು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಉತ್ತರಿಸಿ, ಯಾಕಂದ್ರೆ ಆ ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ‘ನೀರು ಕುಡಿ, ಹತ್ತು ನಿಮಿಷ ತಡಿ, ಆಮ್ಯಾಲೆ ಹೇಳು.’ ಎರಡನೆಯದು ಬಂದಾಗ ‘ನನಗ ಗೊತ್ತಿತ್ತು’ ಅಂದಿರೋ, ಮುಂದಿನ ಸಲ ಅವನು ಸುಳ್ಳು ಹೇಳುತ್ತಾನೆ. ‘ಆತು ಬಿಡು. ಎಲ್ಲಿದ್ದಿ, ಯಾರ ಜೋಡಿ?’ ಅಂತ ಕೇಳಿ. ನಾಳೆಯ ಮೆಸೇಜಿಗೆ ಅದೇ ಸಾಮಗ್ರಿ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಹರ್ಬಲ್ ಸಿಗರೇಟ್ ಕೊಡಿಸಬೇಡಿ, ಅದರ ಹೊಗೆಯಲ್ಲೂ ಟಾರ್ ಇದೆ. ಇ-ಸಿಗರೇಟ್ ಮಾರಾಟ ದೇಶದಲ್ಲಿ 2019ರಿಂದಲೇ ನಿಷೇಧ. ನಿಕೋಟಿನ್ ಗಮ್ ಬೇಕೆನಿಸಿದರೆ ಹದಿಹರೆಯದವರ ವಿಷಯದಲ್ಲಿ ಡಾಕ್ಟರನ್ನೇ ಕೇಳಿ. 1800-11-2356ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಪುಕ್ಕಟೆ ಸಲಹೆ ಸಿಗುತ್ತದೆ.

ಮೊದಲ ವಾರ ಸಿಟ್ಟು, ಚಡಪಡಿಕೆ ಜಾಸ್ತಿ. ಆಗ ದಿನಕ್ಕೆ ನಾಲ್ಕೈದು ಮೆಸೇಜ್ ಇರಲಿ. ತಿಂಗಳು ದಾಟಿದರೆ ವಾರಕ್ಕೆ ಮೂರು ಸಾಕು. ಮದುವೆ, ಜಾತ್ರೆ, ಮ್ಯಾಚ್ ಇದ್ದ ದಿನ ಮಾತ್ರ ಒಂದು ಹೆಚ್ಚಿಗೆ ಕಳಿಸಿ. ‘ಒಂದs ಒಂದು ಸೇದಲೇ’ ಅಂತ ದೋಸ್ತರು ಗಂಟು ಬೀಳುವುದು ಅಲ್ಲೇ.